ಹಿಟ್ಟಿನ ಪತಂಗದ ಅಂಟು ಟ್ರ್ಯಾಪ್: ಸಿಕ್ಕಿಬೀಳುವುದು ಗಂಡು ಮಾತ್ರ

ಈ ಟ್ರ್ಯಾಪ್‌ಗೆ ನಾನು ಕೊಡುವುದು ಐದಕ್ಕೆ ನಾಲ್ಕು. ಆದರೆ ಪ್ಯಾಕೆಟ್ಟಿನ ಮೇಲೆ ಹೇಳಿಕೊಂಡಿರುವ ಕೆಲಸಕ್ಕಲ್ಲ, ಅವರು ಹೇಳದೇ ಬಿಟ್ಟ ಇನ್ನೊಂದು ಕೆಲಸಕ್ಕೆ. ಪತಂಗಗಳನ್ನು ಮನೆಯಿಂದ ಪೂರ್ತಿ ತೊಲಗಿಸುತ್ತೇವೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಅದು ಈ ಸಾಮಾನಿನಿಂದ ಆಗುವ ಕೆಲಸವೇ ಅಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಈ ಜಾತಿಯ ಟ್ರ್ಯಾಪ್‌ಗಳೆಲ್ಲ ಒಳಗೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ, ರಟ್ಟಿನ ಬಣ್ಣ ಬೇರೆ ಅಷ್ಟೇ.

ಬಿಚ್ಚಿದರೆ ಎರಡೇ ವಸ್ತು. ಒಂದು, ಮಡಚಿದರೆ ತ್ರಿಕೋನದ ಗೂಡಿನ ಹಾಗೆ ನಿಲ್ಲುವ ರಟ್ಟು. ಅದರ ಒಳಮೈಗೆ ಅಂಟು ಬಳಿದು ಮೇಲೊಂದು ಮೇಣದ ಕಾಗದ ಹಾಕಿರುತ್ತಾರೆ. ಇನ್ನೊಂದು, ಫಾಯಿಲ್ ಪೊಟ್ಟಣದೊಳಗೆ ಒಂದು ಪುಟಾಣಿ ರಬ್ಬರ್ ತುಂಡು. ಇದೇ ಲೂರ್, ಅಂದರೆ ಪತಂಗವನ್ನು ಸೆಳೆಯುವ ಆಮಿಷ. ಇಡೀ ಟ್ರ್ಯಾಪ್‌ನ ಜೀವ ಇರುವುದು ಇದರಲ್ಲಿ. ಮೂಗಿನ ಹತ್ತಿರ ಹಿಡಿದರೂ ನಮಗೆ ಏನೂ ವಾಸನೆ ಬರುವುದಿಲ್ಲ. ಅಕ್ಕ ನೋಡಿ, "ಏನೇ ಇದು, ಪೆನ್ಸಿಲ್ ರಬ್ಬರ್ ತಂದು ಅಂಟಿಸಿದೀಯ?" ಅಂದಳು. ನೋಡಲು ಹಾಗೇ ಇದೆ, ನಿಜ.

ಆ ರಬ್ಬರಿನಲ್ಲಿ ಇರುವುದು ಹೆಣ್ಣು ಪತಂಗದ ವಾಸನೆ, ಅಂದರೆ ಫೆರೊಮೋನ್. ಹೆಣ್ಣು ತನ್ನ ಹೊಟ್ಟೆಯ ತುದಿಯನ್ನು ಮೇಲೆತ್ತಿ ಕೂತು ಇದನ್ನು ಗಾಳಿಗೆ ಬಿಡುತ್ತದೆ. ಗಂಡು ಅದರ ಜಾಡು ಹಿಡಿದು ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಹಾರಿ ಬರುತ್ತದೆ. ಆ ವಾಸನೆಯ ಮುಖ್ಯ ರಾಸಾಯನಿಕ ಯಾವುದು ಅಂತ ವಿಜ್ಞಾನಿಗಳು 1971ರಲ್ಲಿ ಕಂಡುಹಿಡಿದರು. ಆಮೇಲೆ ಅದನ್ನು ಲ್ಯಾಬಿನಲ್ಲಿ ತಯಾರಿಸಿ ರಬ್ಬರಿಗೆ ಕುಡಿಸುವುದು ಶುರುವಾಯಿತು. ಇದು ಕೀಟನಾಶಕ ಅಲ್ಲ. ಊಟದ ಸಾಮಾನಿನ ಪಕ್ಕದಲ್ಲೇ ಇಡಬಹುದಾದ ವಸ್ತು ಅನ್ನುವುದಕ್ಕೆ ಪೂರ್ತಿ ಅಂಕ ಕೊಡಬೇಕು.

ಈಗ, ಯಾವ ಪತಂಗ? ಪ್ಯಾಕೆಟ್ಟಿನಲ್ಲಿ 'ಅಡುಗೆಮನೆಯ ಪತಂಗ' ಅಂತ ಬರೆದು ಒಂದು ಕಪ್ಪು ನೆರಳಿನ ಚಿತ್ರ ಹಾಕಿ ಕೈತೊಳೆದುಕೊಂಡಿದ್ದಾರೆ. ನಾಲ್ಕು ಅಂಕ ಅಂದೆನಲ್ಲ, ಕಳೆದ ಆ ಒಂದು ಇಲ್ಲೇ ಹೋಯಿತು. ಕೊಳ್ಳುವವರಿಗೆ ಮೊದಲು ಗೊತ್ತಾಗಬೇಕಾದದ್ದೇ ತಮ್ಮ ಮನೆಯಲ್ಲಿ ಹಾರಾಡುತ್ತಿರುವುದು ಯಾವುದು ಅಂತ. ಪತಂಗ ಬೇರೆಯಾದರೆ ಈ ಲೂರ್ ಏನೂ ಮಾಡುವುದಿಲ್ಲ. ಹಾಗಾಗಿ ಅವರು ಬಿಟ್ಟಿದ್ದನ್ನು ನಾನೇ ಬರೆಯುತ್ತೇನೆ.

ಇದು ಮುಖ್ಯವಾಗಿ ಹಿಡಿಯುವುದು ಇಂಡಿಯನ್ ಮೀಲ್ ಮಾತ್ ಅನ್ನುವ ಸಣ್ಣ ಪತಂಗವನ್ನು. ಶಾಸ್ತ್ರೀಯ ಹೆಸರು ಪ್ಲೋಡಿಯಾ ಇಂಟರ್‌ಪಂಕ್ಟೆಲ್ಲಾ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 16ರಿಂದ 20 ಮಿಲಿಮೀಟರ್. ರೆಕ್ಕೆ ಮಡಚಿ ಕೂತಾಗ ಒಂದು ಸೆಂಟಿಮೀಟರ್ ಆಸುಪಾಸು, ಅಷ್ಟೇ. ಗೋಡೆ ಮೇಲೆ ಕೂತರೆ ಏನೋ ಕೊಳೆ ಅಂಟಿದೆ ಅನ್ನಿಸುತ್ತದೆ. ಆದರೆ ಭೂತಗನ್ನಡಿ ಹಿಡಿದು ನೋಡಿ, ಚೆಂದದ ಹುಳ. ಮುಂದಿನ ರೆಕ್ಕೆಗೆ ಎರಡು ಬಣ್ಣ. ಬುಡದ ಮೂರನೇ ಒಂದು ಭಾಗ ಮಾಸಲು ಬೂದಿ, ಕೆಲವದರಲ್ಲಿ ಸ್ವಲ್ಪ ಹಳದಿ ಛಾಯೆ. ಅಲ್ಲಿಂದ ಮುಂದಕ್ಕೆ ತಾಮ್ರದ ಕಂದು, ಅದರೊಳಗೆ ಅಡ್ಡಡ್ಡ ಕಪ್ಪುಬಣ್ಣದ ಪಟ್ಟಿ. ಎರಡು ಬಣ್ಣ ಸೇರುವ ಕಡೆ ಗೆರೆ ಎಳೆದ ಹಾಗೆ ಸ್ಪಷ್ಟವಾಗಿರುತ್ತದೆ. ಹಿಂದಿನ ರೆಕ್ಕೆ ಬರೀ ಬೂದಿ, ಯಾವ ಚಿತ್ತಾರವೂ ಇಲ್ಲ. ತಲೆಯ ಮುಂದೆ ಎರಡು ಮೊನೆಗಳು ಚಾಚಿಕೊಂಡು ಪುಟ್ಟ ಕೊಕ್ಕಿನ ಥರ ಕಾಣುತ್ತವೆ. ಟ್ರ್ಯಾಪಿಗೆ ಹೊಸದಾಗಿ ಬಿದ್ದದ್ದರಲ್ಲಿ ಈ ತಾಮ್ರದ ಬಣ್ಣ ಎದ್ದು ಕಾಣುತ್ತದೆ. ವಯಸ್ಸಾದವುಗಳ ರೆಕ್ಕೆಯ ಪುಡಿ ಉದುರಿ ಬಣ್ಣ ಮಾಸಿರುತ್ತದೆ. ಅವುಗಳನ್ನು ನೋಡಿ ಜಾತಿ ಹೇಳಲು ಹೋಗಬೇಡಿ.

ಇದರ ದಾಯಾದಿಗಳು ಕೆಲವರು ಇದೇ ವಾಸನೆಗೆ ಬರುತ್ತಾರೆ. ಮೆಡಿಟರೇನಿಯನ್ ಹಿಟ್ಟಿನ ಪತಂಗ, ಬಾದಾಮಿ ಪತಂಗ, ತಂಬಾಕಿನ ಪತಂಗ, ಈ ಮೂರರ ಹೆಣ್ಣುಗಳ ವಾಸನೆಯಲ್ಲೂ ಅದೇ ರಾಸಾಯನಿಕ ಇದೆ. ಅವು ಒಟ್ಟಾರೆ ಬೂದುಬಣ್ಣ, ತಾಮ್ರದ ಭಾಗ ಇರುವುದಿಲ್ಲ. ಒಂದೇ ಲೂರಿಗೆ ನಾಲ್ಕು ಜಾತಿ ಸಿಗುತ್ತವೆ ಅಂದರೆ ಲಾಭವೇ, ಅಲ್ವಾ? ಇದನ್ನೂ ಪ್ಯಾಕೆಟ್ಟಿನಲ್ಲಿ ಬರೆದಿಲ್ಲ. ತಮ್ಮ ಸಾಮಾನಿನ ಒಳ್ಳೆಯ ಗುಣವೇ ಗೊತ್ತಿಲ್ಲದವರು ಬರೆದ ಹಾಗಿದೆ.

ಬರದಿರುವವೂ ಇವೆ. ಉಣ್ಣೆ ಬಟ್ಟೆ ತಿನ್ನುವ ಪತಂಗ ಇದಕ್ಕಿಂತ ಚಿಕ್ಕದು. ಮೈಯೆಲ್ಲ ಒಂದೇ ಥರ ಹೊಳೆಯುವ ಹೊಂಬಣ್ಣ, ಬೆಳಕು ಕಂಡರೆ ಓಡಿ ಬಚ್ಚಿಟ್ಟುಕೊಳ್ಳುತ್ತದೆ. ಅದಕ್ಕೆ ಬೇರೆಯೇ ಲೂರ್ ಬೇಕು. ಬಟ್ಟೆಯ ಬೀರುವಿನಲ್ಲಿ ಇದನ್ನು ಇಟ್ಟು "ಕೆಲಸವೇ ಮಾಡಲ್ಲ" ಅಂತ ಒಂದೇ ನಕ್ಷತ್ರ ಕೊಟ್ಟವರನ್ನು ನೋಡಿದ್ದೇನೆ. ಪಾಪ, ಅದು ಟ್ರ್ಯಾಪಿನ ತಪ್ಪಲ್ಲ. ಅಕ್ಕಿ ಪತಂಗ ಅಂತ ಕರೆಯುವ ಕಾರ್ಸೈರಾ ಕೂಡ ಇದಕ್ಕೆ ಬರುವುದಿಲ್ಲ. ಬೆಚ್ಚಗಿನ ಪ್ರದೇಶಗಳಲ್ಲಿ ಅದೇ ಜಾಸ್ತಿ. ಮಾಸಲು ಕಂದುಬೂದಿ ಬಣ್ಣ, ರೆಕ್ಕೆಯಲ್ಲಿ ಎರಡು ಬಣ್ಣದ ಗೆರೆ ಇಲ್ಲ. ನಿಮ್ಮ ಮನೆಯಲ್ಲಿ ಪತಂಗ ಹಾರುತ್ತಲೇ ಇದ್ದು ಟ್ರ್ಯಾಪ್ ಖಾಲಿ ಇದ್ದರೆ ಮೊದಲು ಒಂದನ್ನು ಗಾಜಿನ ಲೋಟದಲ್ಲಿ ಮುಚ್ಚಿ ಹಿಡಿದು ರೆಕ್ಕೆ ನೋಡಿ. ಬೈಯುವುದು ಆಮೇಲೆ.

ಇಂಡಿಯನ್ ಅನ್ನುವ ಹೆಸರು ಕೇಳಿ ನಮ್ಮ ದೇಶದ್ದೇ ಅಂದುಕೊಳ್ಳಬೇಡಿ. ಅಂಟಾರ್ಕ್ಟಿಕಾ ಒಂದನ್ನು ಬಿಟ್ಟು ಉಳಿದ ಎಲ್ಲ ಖಂಡಗಳಲ್ಲೂ ಇದೆ. ಅಷ್ಟು ದೂರ ಹಾರುವ ಶಕ್ತಿ ಇದಕ್ಕಿಲ್ಲ. ಮನುಷ್ಯರು ಧಾನ್ಯ, ಒಣಹಣ್ಣು, ಕಾಯಿಬೀಜಗಳನ್ನು ಚೀಲದಲ್ಲಿ, ಹಡಗಿನಲ್ಲಿ ಸಾಗಿಸುವಾಗ ಜೊತೆಗೇ ಹೋಗಿದೆ. ಬೆಚ್ಚಗಿನ ಕಡೆ ಹೊರಗೂ ಬದುಕುತ್ತದೆ. ಹಿಮ ಬೀಳುವ ದೇಶಗಳಲ್ಲಿ ಗೋದಾಮು, ಅಂಗಡಿ, ಮನೆ ಇವೇ ಅದರ ಊರು. ಚಳಿ ಬಂದರೆ ಮರಿಹುಳು ಬೆಳವಣಿಗೆ ನಿಲ್ಲಿಸಿ ಸುಮ್ನೆ ಮಲಗಿಬಿಡುತ್ತದೆ. ಅದಕ್ಕೇ ಇದರ ಜೀವನಚಕ್ರಕ್ಕೆ ಒಂದು ಖಚಿತ ಲೆಕ್ಕ ಹೇಳಲು ಬರುವುದಿಲ್ಲ. ಸೆಕೆ ಇದ್ದರೆ ನಾಲ್ಕು ವಾರದಲ್ಲಿ ಮೊಟ್ಟೆಯಿಂದ ಪತಂಗ. ಚಳಿಯಿದ್ದರೆ ತಿಂಗಳುಗಟ್ಟಲೆ. "ಎಲ್ಲ ಹೋಯ್ತು" ಅಂದುಕೊಂಡ ಎಷ್ಟೋ ದಿನದ ಮೇಲೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇನ್ನು ಊಟದ ವಿಷಯ. ಇಲ್ಲೇ ಇರುವುದು ಸ್ವಾರಸ್ಯ.

ನಾವು ಹೊಡೆಯಲು ಓಡಾಡುವ ಪತಂಗ ಏನನ್ನೂ ತಿನ್ನುವುದಿಲ್ಲ. ಒಂದು ಕಾಳನ್ನೂ ಮುಟ್ಟುವುದಿಲ್ಲ. ಮರಿಹುಳುವಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನುವುದೆಲ್ಲ ಮರಿಹುಳು. ಒಂದು ಹೆಣ್ಣು ನೂರರಿಂದ ನಾನ್ನೂರರವರೆಗೂ ಮೊಟ್ಟೆ ಇಡಬಲ್ಲದು. ಮೊಟ್ಟೆ ಅರ್ಧ ಮಿಲಿಮೀಟರಿಗಿಂತ ಸಣ್ಣದು, ಹಿಟ್ಟಿನಲ್ಲಿ ಕಣ್ಣಿಗೆ ಬೀಳುವ ಮಾತೇ ಇಲ್ಲ.

ಮರಿಹುಳುವಿನ ಮೆನು ಉದ್ದ. ಎಲ್ಲ ಥರದ ಹಿಟ್ಟು, ನುಚ್ಚು, ಧಾನ್ಯ, ಓಟ್ಸ್, ಬಾದಾಮಿ, ಗೋಡಂಬಿ, ಕಡಲೆಬೀಜ, ಒಣದ್ರಾಕ್ಷಿ, ಚಾಕೊಲೇಟ್, ಹಾಲಿನ ಪುಡಿ, ಒಣಮೆಣಸಿನಕಾಯಿ. ಮೆಣಸಿನಕಾಯಿಯ ಖಾರವೂ ಇದನ್ನು ತಡೆಯುವುದಿಲ್ಲ. ಅಡುಗೆಮನೆಯ ಹೊರಗೆ ಬಂದರೆ ನಾಯಿಗೆ ಹಾಕುವ ಒಣ ಆಹಾರ, ಹಕ್ಕಿಕಾಳು, ಜೇನುಗೂಡಿನಿಂದ ತೆಗೆದ ಪರಾಗ, ಅಲಂಕಾರಕ್ಕೆ ಇಟ್ಟ ಒಣಹೂಗಳು. ಮ್ಯೂಸಿಯಂಗಳಲ್ಲಿ ಪಿನ್ನು ಚುಚ್ಚಿಟ್ಟ ಸತ್ತ ಕೀಟಗಳನ್ನೂ ತಿಂದು ಹಾಳುಮಾಡುತ್ತದೆ. ತಿಂದದ್ದಕ್ಕೆ ತಕ್ಕ ಹಾಗೆ ಮೈಬಣ್ಣವೂ ಬದಲಾಗುತ್ತದೆ. ಸಾಮಾನ್ಯವಾಗಿ ಕೆನೆಬಿಳಿ, ಕೆಲವೊಮ್ಮೆ ನಸುಗುಲಾಬಿ, ಇಲ್ಲವೇ ನಸುಹಸಿರು. ತಲೆ ಮಾತ್ರ ಯಾವಾಗಲೂ ಕಂದು.

ಧಾನ್ಯವಾದರೆ ಮೊದಲು ಮೊಳಕೆ ಬರುವ ಭಾಗವನ್ನೇ ತಿನ್ನುತ್ತದೆ. ಪೌಷ್ಟಿಕಾಂಶ ಎಲ್ಲಿದೆ ಅಂತ ಚೆನ್ನಾಗಿ ಗೊತ್ತು. ರಾಶಿಯ ಆಳಕ್ಕೆ ಇಳಿಯುವುದು ಕಡಿಮೆ, ಮೇಲಿನ ಪದರದಲ್ಲೇ ಬೀಡುಬಿಡುತ್ತದೆ. ಹೋದಲ್ಲೆಲ್ಲ ರೇಷ್ಮೆಯ ಎಳೆ ಬಿಡುತ್ತಾ ಹೋಗುತ್ತದೆ. ಅದಕ್ಕೆ ಹಿಟ್ಟು, ಕಾಳು, ಹಿಕ್ಕೆ ಎಲ್ಲ ಅಂಟಿಕೊಂಡು ಗಂಟು ಕಟ್ಟುತ್ತದೆ. ಡಬ್ಬಿ ತೆರೆದು ಚಮಚ ಹಾಕಿ ಎತ್ತಿದಾಗ ಹಿಟ್ಟು ಪುಡಿಯಾಗಿ ಬೀಳದೆ ಎಳೆಎಳೆಯಾಗಿ ಜೋತುಬಿದ್ದರೆ ಅದು ಇದೇ. ಕಾಳಿನಲ್ಲಿ ಗುಂಡಗೆ ತೂತು ಬಿದ್ದಿದ್ದು ಬಲೆ ಇಲ್ಲದಿದ್ದರೆ ಅದು ಬೇರೆ ಹುಳದ ಕೆಲಸ. ಅದಕ್ಕೆ ಈ ಟ್ರ್ಯಾಪ್ ತರುವುದು ದಂಡ.

ಮುಚ್ಚಿದ ಪ್ಯಾಕೆಟ್ ಅಂತ ನಂಬಿ ಕೂರುವ ಹಾಗೂ ಇಲ್ಲ. ತೆಳು ಪ್ಲಾಸ್ಟಿಕ್, ಕಾಗದ, ರಟ್ಟು ಇವನ್ನೆಲ್ಲ ಮರಿಹುಳು ಕಚ್ಚಿ ತೂತು ಮಾಡುತ್ತದೆ. 2014ರಲ್ಲಿ ಚೀನಾದ ಸಂಶೋಧಕರು ಇದೇ ಹುಳುವಿನ ಕರುಳಿನಿಂದ ಪಾಲಿಥೀನ್ ಪ್ಲಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವಾಗಿ ಒಡೆಯುವ ಎರಡು ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಪ್ಲಾಸ್ಟಿಕ್ಕೇ ಅದರ ಊಟ ಅಂತ ಅಲ್ಲ. ಆದರೆ ಚೀಲದ ಕ್ಲಿಪ್ ಹಾಕಿ ನಿಶ್ಚಿಂತೆಯಿಂದ ಇರುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇಷ್ಟು ಗೊತ್ತಾದ ಮೇಲೆ ಟ್ರ್ಯಾಪಿನ ಮಿತಿ ತಾನಾಗಿಯೇ ಕಾಣುತ್ತದೆ. ಹೆಣ್ಣಿನ ವಾಸನೆಗೆ ಬರುವುದು ಗಂಡು. ಅಂಟಿಗೆ ಸಿಗುವುದೂ ಗಂಡೇ. ಮೊಟ್ಟೆಯಿಡುವ ಹೆಣ್ಣು ಆರಾಮಾಗಿ ಹಿಟ್ಟಿನ ಡಬ್ಬಿ ಹುಡುಕಿಕೊಂಡು ಹೋಗುತ್ತಿರುತ್ತದೆ. ಗಂಡುಗಳನ್ನೆಲ್ಲ ಹಿಡಿದರೆ ಸಾಕಲ್ಲ ಅನ್ನಬಹುದು. ತೊಂದರೆ ಏನೆಂದರೆ ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಮುಕ್ಕಾಲು ಪಾಲು ಗಂಡು ಅಂಟಿಕೊಂಡರೂ ಉಳಿದ ನಾಲ್ಕು ಸಾಕು. ಮೇಲಾಗಿ ಹೊಟ್ಟೆಬಾಕ ಮರಿಹುಳುಗೆ ಈ ಟ್ರ್ಯಾಪ್ ಇರುವುದೇ ಗೊತ್ತಿಲ್ಲ. ದೊಡ್ಡ ಗೋದಾಮುಗಳಲ್ಲಿ ಇದೇ ರಾಸಾಯನಿಕವನ್ನು ಬೇರೆ ಥರ ಬಳಸುತ್ತಾರೆ. ಇಡೀ ಗಾಳಿಯ ತುಂಬ ವಾಸನೆ ಹರಡಿ, ನಿಜವಾದ ಹೆಣ್ಣು ಎಲ್ಲಿದೆ ಅಂತ ಗಂಡಿಗೆ ಗೊತ್ತಾಗದ ಹಾಗೆ ಮಾಡುತ್ತಾರೆ. ಮನೆಗೆ ತರುವ ಈ ಒಂದು ರಬ್ಬರಿನಿಂದ ಅದನ್ನೆಲ್ಲ ನಿರೀಕ್ಷಿಸಬಾರದು.

ಹಾಗಿದ್ದರೆ ನಾಲ್ಕು ಅಂಕ ಯಾಕೆ? ಇದು ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆಯ ಕಪಾಟನ್ನೆಲ್ಲ ಖಾಲಿ ಮಾಡಿ, ಒರೆಸಿ, ಅನುಮಾನ ಬಂದದ್ದನ್ನೆಲ್ಲ ಎಸೆದ ಮೇಲೂ ಸಂಜೆ ಹೊತ್ತಿಗೆ ಪತಂಗ ಹಾರುತ್ತಿದ್ದವು. ಅಕ್ಕ ಪ್ರತಿ ಸಲವೂ ಹಿಟ್ಟಿನ ಡಬ್ಬಿಯ ಮೇಲೇ ಕಣ್ಣುಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಒಂದು, ಸಾಮಾನು ತುಂಬುವ ಕೋಣೆಯಲ್ಲಿ ಒಂದು, ಹಜಾರದಲ್ಲಿ ಒಂದು ಟ್ರ್ಯಾಪ್ ಇಟ್ಟೆವು. ಅಡುಗೆಮನೆಯದರಲ್ಲಿ ಬೆರಳಲ್ಲಿ ಎಣಿಸುವಷ್ಟು. ಹಜಾರದಲ್ಲಿ ಒಂದೂ ಇಲ್ಲ. ಸಾಮಾನು ಕೋಣೆಯ ಟ್ರ್ಯಾಪಿನ ತಳ ಮಾತ್ರ ಕಾಣದಷ್ಟು ತುಂಬಿತ್ತು. ಅಲ್ಲಿ ತಿನ್ನುವ ಸಾಮಾನೇ ಇಲ್ಲ ಅಂತ ಇಬ್ಬರಿಗೂ ನಂಬಿಕೆ. ಮೇಲಿನ ಅಟ್ಟದಲ್ಲಿ ಹಳೆಯ ಪಂಜರದ ಹಿಂದೆ ಅರ್ಧ ಚೀಲ ಹಕ್ಕಿಕಾಳು ಇತ್ತು. ಚೀಲದ ಬಾಯಿಯಲ್ಲಿ ರೇಷ್ಮೆ ಎಷ್ಟು ದಟ್ಟವಾಗಿತ್ತು ಅಂದರೆ, ಬೋರಲು ಹಾಕಿದರೂ ಮೇಲಿನ ಕಾಳು ಉದುರಲಿಲ್ಲ. "ಹಕ್ಕಿ ಹೋದರೂ ಊಟ ಹಾಕ್ತಾನೇ ಇದ್ವಿ ನೋಡೇ" ಅಂದಳು ಅಕ್ಕ.

ಗೋಡೆ ಮತ್ತು ಸೂರು ಸೇರುವ ಮೂಲೆಗಳಲ್ಲಿ ಬಿಳಿ ಗೂಡುಗಳೂ ಸಿಕ್ಕವು. ಇದು ಈ ಹುಳುವಿನ ಅಭ್ಯಾಸ. ಹೊಟ್ಟೆ ತುಂಬಿದ ಮರಿಹುಳು ಊಟದ ಜಾಗ ಬಿಟ್ಟು ದೂರ ನಡೆದು, ಮೇಲೆ ಹತ್ತಿ, ಮೂಲೆ ನೋಡಿ ಗೂಡು ಕಟ್ಟುತ್ತದೆ. ಡಬ್ಬಿ ಎಸೆದ ಮೇಲೂ ಪತಂಗ ಹುಟ್ಟುತ್ತಲೇ ಇರುವುದು ಈ ಗೂಡುಗಳಿಂದ. ಕಪಾಟಿನ ಮೊಳೆತೂತು, ಹಲಗೆಯ ಸಂದಿ, ಡಬ್ಬಿಯ ಮುಚ್ಚಳದ ತಿರುಪಿನ ಸುತ್ತು, ಎಲ್ಲ ಕಡೆ ನೋಡಬೇಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದರ ಚೂಪು ಮೂತಿ ಇದಕ್ಕೆ ಸರಿಯಾಗಿದೆ.

ಬಳಸುವ ರೀತಿಯಲ್ಲಿ ನಾಲ್ಕು ಮಾತು, ಯಾಕೆಂದರೆ ಪ್ಯಾಕೆಟ್ಟಿನ ಹಿಂದೆ ಬರೀ ಮಡಚುವ ಚಿತ್ರ ಇದೆ. ಒಂದು ಕೋಣೆಗೆ ಒಂದೇ ಸಾಕು. ಹತ್ತಿರಹತ್ತಿರ ಎರಡು ಇಟ್ಟರೆ ವಾಸನೆ ಕಲಸಿ ಗಂಡಿಗೆ ದಿಕ್ಕು ತಪ್ಪುತ್ತದೆ, ನಿಮಗೂ ಲೆಕ್ಕ ತಪ್ಪುತ್ತದೆ. ತೆರೆದ ಕಿಟಕಿಯ ಪಕ್ಕ ಬೇಡ, ಹೊರಗಿನ ಗಂಡುಗಳನ್ನು ನೀವೇ ಕರೆದ ಹಾಗೆ. ಒಲೆಯ ಮೇಲೆ ಇಟ್ಟರೆ ಎಣ್ಣೆ ಜಿಡ್ಡು ಕೂತು ಅಂಟು ಹೋಗುತ್ತದೆ. ಹಿಟ್ಟಿನ ಧೂಳು ಬೀಳುವ ಕಡೆಯೂ ಅದೇ ಕಥೆ. ಲೂರನ್ನು ಬರಿಗೈಯಲ್ಲಿ ಹಿಡಿಯಬೇಡಿ. ವಾಸನೆ ಬೆರಳಿಗೆ ಹತ್ತಿ ನೀವು ಮುಟ್ಟಿದ ಕಡೆಗೆಲ್ಲ ಹೋಗುತ್ತದೆ. ಅಂಟಿಸಿದ ದಿನ ರಟ್ಟಿನ ಮೇಲೆ ತಾರೀಖು ಬರೆಯಿರಿ. ಎರಡು ಮೂರು ತಿಂಗಳಾದ ಮೇಲೆ ಲೂರ್ ಸಪ್ಪೆಯಾಗುತ್ತದೆ, ಆಗ ಖಾಲಿ ಟ್ರ್ಯಾಪ್ ನೋಡಿ ಖುಷಿಪಡುವ ಹಾಗಿಲ್ಲ. ಒಡೆಯದ ಪೊಟ್ಟಣವನ್ನು ಫ್ರೀಜರಿನಲ್ಲಿ ಇಟ್ಟರೆ ಜಾಸ್ತಿ ದಿನ ಬರುತ್ತದೆ.

ಅಂಟಿನ ಬಗ್ಗೆ ದೂರಿಲ್ಲ. ಸಿಕ್ಕ ಪತಂಗ ಬಿಡಿಸಿಕೊಂಡು ಹೋದದ್ದನ್ನು ನೋಡಲಿಲ್ಲ. ಮೇಣದ ಕಾಗದ ಬಿಡಿಸುವಾಗ ಮಾತ್ರ ತಾಳ್ಮೆ ಬೇಕು. ಮೂಲೆಯಲ್ಲಿ ಹರಿದುಬಿಡುತ್ತದೆ, ಆಮೇಲೆ ಉಗುರಿನಲ್ಲಿ ಕೆರೆಯಬೇಕು, ಕೈಯೆಲ್ಲ ಅಂಟು. ಸೋಪಿಗೆ ಹೋಗುವುದಿಲ್ಲ, ಅಡುಗೆ ಎಣ್ಣೆ ಹಚ್ಚಿ ಉಜ್ಜಿ.

ಪತಂಗದ ಮೂಲ ಸಿಕ್ಕಮೇಲೆ ಮಾಡಬೇಕಾದ ಕೆಲಸ ಟ್ರ್ಯಾಪಿನದ್ದಲ್ಲ, ನಮ್ಮದು. ಬಲೆ ಕಟ್ಟಿದ್ದನ್ನು ಗಂಟು ಬಿಗಿದು ಮನೆಯಿಂದ ಹೊರಗೆ ಹಾಕಿ. ಚೆನ್ನಾಗಿ ಕಂಡದ್ದನ್ನು ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ, ಮೊಟ್ಟೆಯಿಂದ ಹಿಡಿದು ಎಲ್ಲವೂ ಸಾಯುತ್ತದೆ. ಆಮೇಲೆ ದಪ್ಪ ಗಾಜಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ, ರಬ್ಬರ್ ವಾಷರ್ ಇರುವ ಡಬ್ಬಿಗೆ ಹಾಕಿ. ಕಪಾಟಿಗೆ ಸ್ಪ್ರೇ ಹೊಡೆಯುವ ಆಸೆಯನ್ನು ಬಿಡಿ. ಊಟದ ಜಾಗ ಅನ್ನುವುದು ಒಂದು ಕಾರಣ. ಡಬ್ಬಿಯ ಒಳಗಿರುವ ಮರಿಹುಳುಗೆ ಅದು ತಾಗುವುದೇ ಇಲ್ಲ ಅನ್ನುವುದು ಇನ್ನೊಂದು. ಈ ಹುಳು ಔಷಧಿಗೆ ಒಗ್ಗಿಕೊಳ್ಳುವುದರಲ್ಲೂ ಗಟ್ಟಿಗ. ಧಾನ್ಯದ ಕಣಜಗಳಲ್ಲಿ ಬಿಟಿ ಅನ್ನುವ, ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ ಬಳಸಿದಾಗ ಕೆಲವೇ ತಲೆಮಾರುಗಳಲ್ಲಿ ಅದನ್ನು ತಡೆದುಕೊಳ್ಳಲು ಕಲಿತಿತ್ತು ಅಂತ ಅಮೆರಿಕದ ವಿಲಿಯಂ ಮೆಕ್‌ಗಾಹಿ 1985ರಲ್ಲೇ ತೋರಿಸಿದ್ದರು.

ಇದರ ಜೊತೆ ಟ್ರೈಕೊಗ್ರಾಮಾ ಕಾರ್ಡುಗಳನ್ನೂ ಕೆಲವರು ತರಿಸುತ್ತಾರೆ. ಟ್ರೈಕೊಗ್ರಾಮಾ ಅಂದರೆ ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ, ಕಣ್ಣಿಗೆ ಕಾಣುವುದೇ ಕಷ್ಟ ಅನ್ನುವಷ್ಟು ಸಣ್ಣ ಕಡಜ. ತಾತ್ವಿಕವಾಗಿ ಅದು ಟ್ರ್ಯಾಪಿಗಿಂತ ಚುರುಕು, ಏಕೆಂದರೆ ನೇರ ಮೊಟ್ಟೆಗೇ ಕೈಹಾಕುತ್ತದೆ. ನಾನು ಬಳಸಿಲ್ಲ, ಹಾಗಾಗಿ ಅಂಕ ಕೊಡುವುದಿಲ್ಲ. ಅಡುಗೆಮನೆಯಲ್ಲಿ ಒಂದು ಹುಳಕ್ಕೆ ಇನ್ನೊಂದು ಹುಳ ತಂದರೆ ಅಕ್ಕ ನನ್ನನ್ನೇ ಹೊರಗೆ ಹಾಕುತ್ತಾಳೆ.

ಯಾರಿಗೆ ಇದು? ರೆಕ್ಕೆಯಲ್ಲಿ ತಾಮ್ರದ ಬಣ್ಣ ಕಂಡವರಿಗೆ, ಎಲ್ಲ ಶುಚಿ ಮಾಡಿದರೂ ಮೂಲ ಸಿಗದವರಿಗೆ, ಸಿಕ್ಕು ಎಸೆದ ಮೇಲೆ ಮತ್ತೆ ಶುರುವಾಯಿತೇ ಅಂತ ಗಮನ ಇಡಬೇಕಾದವರಿಗೆ. ತಂದು ನೇತುಹಾಕಿ ಮರೆತುಬಿಡುವವರು ಕೊಳ್ಳಬೇಡಿ. ಕೊಳ್ಳುವಾಗ ರಟ್ಟು ಮತ್ತು ಲೂರ್ ಬೇರೆಬೇರೆ ಬರುವ ಪ್ಯಾಕ್ ನೋಡಿ ತಗೊಳ್ಳಿ. ಲೂರ್ ಅಂಟಿನೊಳಗೇ ಸೇರಿಕೊಂಡು ಬರುವ ನಮೂನೆಯಲ್ಲಿ ಅಂಟು ಕೆಟ್ಟರೆ ಲೂರನ್ನೂ ಎಸೆಯಬೇಕಾಗುತ್ತದೆ. ಸಾಮಾನು ಕೋಣೆಯಲ್ಲಿ ಈಗ ಒಂದು ಹೊಸ ಟ್ರ್ಯಾಪ್ ಇದೆ. ಅದರ ತಾರೀಖು ಬರೆದದ್ದು ಅಕ್ಕ.